ಮುಟ್ಟದ ಕೈಗಳ ಫೋಟೊ

ನಾನು ನಿಂತಿದ್ದುದು ಮರಳು ಹಾಸಿದ ಕಣದ ಎಡಕ್ಕೆ, ಕಲ್ಲು ಎತ್ತುವವನಿಂದ ಎರಡು ಮಾರು ದೂರದಲ್ಲಿ. ಕಾರಹುಣ್ಣಿಮೆಯ ಮರುದಿನ, ಮಧ್ಯಾಹ್ನ ನಾಲ್ಕು ದಾಟಿತ್ತು. ಬಿಸಿಲು ನನ್ನ ಬೆನ್ನಿಗಿತ್ತು. ಎದುರಿನದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಊರು ಯಲಬುರ್ಗಾ ತಾಲೂಕಿನದು. ಅಲ್ಲಿಯ ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕ. ಗುಂಡು ಎತ್ತುವ ಸ್ಪರ್ಧೆಗೆ ನಿರ್ಣಾಯಕನಾಗಲು ಊರಿನ ಹುಡುಗರು ಪ್ರತಿ ವರ್ಷ ನನ್ನನ್ನು ಕರೆಯುತ್ತಿದ್ದರು.

ದುಂಡು ಕಲ್ಲನ್ನು ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ ಏರಿಸಿ, ಹೆಗಲ ಮೇಲಿಂದ ಹಿಂದಕ್ಕೆ ಕೆಡವಬೇಕು. ಎತ್ತುವವನ ಕಡೆಯವನೊಬ್ಬ ಪಕ್ಕದಲ್ಲಿ ನಿಲ್ಲಬಹುದು, ಧೈರ್ಯ ಹೇಳಬಹುದು. ಮುಟ್ಟುವಂತಿಲ್ಲ. ಬೆರಳು ತಾಗಿದರೂ ಎತ್ತಿದ್ದು ಲೆಕ್ಕಕ್ಕಿಲ್ಲ.

ಆ ದಿನ ಕೊನೆಗೆ ಎತ್ತಲು ಬಂದವನು ಈ ಊರಿನವನೇ, ಯಲಬುರ್ಗಾದಲ್ಲಿ ಹಮಾಲಿ ಮಾಡುತ್ತಿದ್ದ. ಪಕ್ಕದಲ್ಲಿ ನಿಂತವನು ಅವನ ಅಕ್ಕನ ಗಂಡ; ಈ ಭಾವನನ್ನು ಅವನು ಮಾಮಾ ಎಂದೇ ಕರೆಯುತ್ತಿದ್ದ. ಹಿಂದಿನ ವರ್ಷವೂ ಇವರಿಬ್ಬರೇ. ಕಲ್ಲು ವಾಲಿದಾಗ ಭಾವ ಹೆದರಿ ಕೈ ಕೊಟ್ಟಿದ್ದ, ಗೆಲುವು ತಪ್ಪಿತ್ತು. ವರ್ಷವಿಡೀ ಊರು ಅವನನ್ನು ಆಡಿಕೊಂಡಿತ್ತು.

“ಈ ಸಲ ನಿಮ್ಮ ಮಾಮಾನ ಕೈ ಕಟ್ಟಿ ನಿಲ್ಲಸೋ!” ಎಂದು ಜನರ ನಡುವಿನಿಂದ ಯಾರೋ ಕೂಗಿದರು.

“ಕಿಸೇದಾಗ ಇಟ್ಕೊಳ್ಳಾಕ ಹೇಳೇನಿ,” ಅಂದ ಎತ್ತುವವನು.

“ಎತ್ತಲಿಲ್ಲಂದ್ರ ನಿಮ್ಮಕ್ಕ ಬಡದ ರೊಟ್ಟಿ ದಂಡ ಆತು ನೋಡು,” ಅಂದ ಭಾವ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಲ್ಲು ಹೆಗಲಿಗೆ ಬಂದಾಗ ಅವನ ಬಲಗಾಲು ಮರಳಿನಲ್ಲಿ ಹೂತಿತು. ಭಾವನ ಎರಡೂ ಕೈಗಳು ಮುಂದೆ ಬಂದವು. “ಮುಟ್ಟಬ್ಯಾಡ ಮಾಮಾ,” ಅಂದ ಅವನು. ಹತ್ತಿರದಲ್ಲೇ ಮುದುಕನೊಬ್ಬ ಹಲಗೆ ವಾದ್ಯ ಬಡಿಯುತ್ತಿದ್ದ, ಆ ಮಾತು ಸುತ್ತ ನಿಂತ ಜನಕ್ಕೆ ಕೇಳಿರಲಿಕ್ಕಿಲ್ಲ. ನನಗೆ ಕೇಳಿಸಿತು. ಭಾವ ಅಂಗೈ ತೆರೆದು ಕೈ ಹಿಂದಕ್ಕೆ ತೆಗೆದುಕೊಂಡ, ಒಂದು ಹೆಜ್ಜೆ ಸರಿದ. ಆಮೇಲೆ ಎತ್ತುವವನು ಅಂಗಾತ ಬಿದ್ದ, ಕಲ್ಲು ಎದೆಯ ಮೇಲೆ ಬಿತ್ತು. ಆ ಮಾತಿಗೂ ಬಿದ್ದದ್ದಕ್ಕೂ ನಡುವೆ ಹಿಡಿಯುವಷ್ಟು ಹೊತ್ತಿತ್ತೇ? ಇತ್ತು ಎನ್ನಲಾರೆ, ಇರಲಿಲ್ಲ ಎನ್ನಲೂ ಆರೆ. ಮೊದಲು ಹಾರಿ ಕಲ್ಲನ್ನು ಉರುಳಿಸಿದವನು ಭಾವನೇ, ಇದು ಖಚಿತ. ಕೊಪ್ಪಳದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಬಿದ್ದವನ ಜೀವ ಹೋಯಿತು.

ಮರುದಿನ ಬೆಳಿಗ್ಗೆ ಪತ್ರಿಕೆಯೊಂದರಲ್ಲಿ ದೊಡ್ಡ ಫೋಟೊ. ಹೆಗಲ ಮೇಲೆ ಕಲ್ಲು, ವಾಲುತ್ತಿರುವ ದೇಹ, ಪಕ್ಕದಲ್ಲಿ ಅಂಗೈ ತೆರೆದು ಹಿಂದೆ ಸರಿಯುತ್ತಿರುವ ಮನುಷ್ಯ. ಅಡಿಯಲ್ಲಿ: ‘ಕುಸಿಯುತ್ತಿದ್ದರೂ ಕೈ ಕೊಡದ ಭಾವ’. ಮುಟ್ಟಬಾರದೆಂಬ ನಿಯಮದ ಬಗ್ಗೆ ಒಂದು ಸಾಲೂ ಇರಲಿಲ್ಲ. ಫೋಟೊದಲ್ಲಿ ಸುಳ್ಳಿರಲಿಲ್ಲ. ಕೈ ಹಾಗೆಯೇ ಇತ್ತು, ಕಾಲು ಅಲ್ಲಿಯೇ ಇತ್ತು.

ಹೆಣ ಇನ್ನೂ ಮನೆಯಲ್ಲಿತ್ತು. ಸತ್ತವನ ತಾಯಿಗೆ ಓದು ಬಾರದು; ಫೋಟೊ ಸಾಕಾಯಿತು. ಮಣ್ಣಿಗೆಂದು ಬಂದ ಅಳಿಯನನ್ನು ಆಕೆ ಹೊಸ್ತಿಲು ದಾಟಗೊಡಲಿಲ್ಲ. ಮಗಳು ಒಳಗೆ ತಮ್ಮನ ಹೆಣದ ಹತ್ತಿರ, ಗಂಡ ಹೊರಗೆ ಕಟ್ಟೆಯ ಮೇಲೆ. ಹಿಡಿ ಮಣ್ಣು ಹಾಕಲೂ ಅವನನ್ನು ಯಾರೂ ಕರೆಯಲಿಲ್ಲ.

ಪತ್ರಿಕೆಯ ತಪ್ಪನ್ನಾದರೂ ಸರಿಪಡಿಸಬಹುದೆಂದು ನಾನು ಯಲಬುರ್ಗಾಕ್ಕೆ ಹೋದೆ. ಫೋಟೊ ತೆಗೆದ ವರದಿಗಾರ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಕೆಟ್ಟವನಲ್ಲ.

“ಮೂರು ಫೋಟೊ ಕಳಿಸಿದ್ದೆ ಸರ. ಆರಿಸಿದವ್ರು ಪೇಪರಿನ ಡೆಸ್ಕಿನವ್ರು. ಫೋಟೊದ ಅಡಿ ಬರದದ್ದೂ ಅವ್ರ,” ಅಂದ. ಮೊಬೈಲಿನಲ್ಲಿ ಉಳಿದ ಎರಡನ್ನೂ ತೋರಿಸಿದ. ಒಂದರಲ್ಲಿ ಭಾವ ಮಂಡಿಯೂರಿ ಕಲ್ಲನ್ನು ತಬ್ಬಿ ಉರುಳಿಸುತ್ತಿದ್ದಾನೆ.

“ಇದನ್ಯಾಕ ಹಾಕಲಿಲ್ಲ?”

“ಅಲುಗಾಡೇತ್ರಿ. ಮುಖ ಕಾಣೂದಿಲ್ಲ.”

ನೋಡಿದ್ದನ್ನು, ಕೇಳಿದ್ದನ್ನು ಅಲ್ಲೇ ಕೂತು ಬರೆದು ಸಹಿ ಮಾಡಿಕೊಟ್ಟೆ. ಅವನು ಅದನ್ನೂ ಕಳಿಸಿದ. ಕೆಲವು ದಿನಗಳ ಮೇಲೆ ಒಳಪುಟದಲ್ಲಿ ಸ್ಪಷ್ಟೀಕರಣ ಬಂತು, ನಾಲ್ಕು ಸಾಲು. ಅದರ ಮೇಲೆ ಮತ್ತೆ ಅದೇ ಫೋಟೊ. ನಾನು ವರದಿಗಾರನಿಗೆ ಫೋನ್ ಮಾಡಿದೆ.

“ಫೋಟೊ ಇಲ್ಲಂದ್ರ ಯಾವ ಸುದ್ದಿ ಅಂತ ಓದೋರಿಗೆ ತಿಳಿಯೂದಿಲ್ಲಂತ್ರಿ ಸರ,” ಅಂದ. ಅವನ ದನಿಯಲ್ಲಿ ನಾಚಿಕೆಯಿತ್ತು. ಮೊದಲ ಸಲ ನೋಡದವರೂ ಈಗ ನೋಡಿದರು. ಕುಷ್ಟಗಿಯಲ್ಲಿರುವ ನನ್ನ ತಂಗಿ ಫೋಟೊವನ್ನು ಮೊಬೈಲಿಗೆ ಕಳಿಸಿ, “ಇಂಥಾ ಮಂದೀನೂ ಇರ್ತಾರೇನೋ ಅಣ್ಣ?” ಎಂದು ಕೇಳಿದಳು. ನಾಲ್ಕು ಸಾಲನ್ನು ಅವಳು ಓದಿರಲಿಲ್ಲ.

ಕೊನೆಗೆ ತಾಯಿಯ ಬಳಿ ನಾನೇ ಹೋಗಿ, ಮಗ ಆಡಿದ ಮಾತನ್ನು ಅವನು ಆಡಿದಂತೆಯೇ ಹೇಳಿದೆ. ಆಕೆ ಕೇಳಿದಳು:

“ಮುಟ್ಟಿದ್ರ ಏನಾಗ್ತಿತ್ರಿ ಸರ?”

“ಎತ್ತಿದ್ದು ಹೋಗ್ತಿತ್ತವ್ವ.”

“ಅಷ್ಟ?”

“ಅಷ್ಟ.”

“ಹ್ವಾದ ವರ್ಷ ಹೋಗಿತ್ತಲ್ರಿ. ಅವತ್ತ ನನ್ನ ಮಗ ಸಿಟ್ಟಿಲೆ ಅಳಿಯನ ಬೈಕೊಂತ ಮನಿಗೆ ಬಂದ. ಉಂಡು ಮಲಗಿದ.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನೀವು ಖರೇನ ಹೇಳಾಕತ್ತೀರಿ. ಈ ಮನಿಯಾಗ ಮಾತ್ರ ಅಳಿಯನ ಹೆಸರು ತಗೀಬ್ಯಾಡ್ರಿ.”

ಪತ್ರಿಕೆ ಅರ್ಧ ಹೇಳಿತು ಎಂದು ತೋರಿಸಲು ಹೋದ ನಾನು, ಉಳಿದರ್ಧವನ್ನೂ ಹೇಳಿ ಆ ಬಾಗಿಲನ್ನು ಇನ್ನಷ್ಟು ಗಟ್ಟಿಯಾಗಿ ಮುಚ್ಚಿಸಿ ಬಂದೆ. ಮೊದಲ ದಿನವೇ ಬೇರೆ ಫೋಟೊ ಬಂದಿದ್ದರೆ, ಹೆಣ ಇನ್ನೂ ಮನೆಯಲ್ಲಿರುವಾಗಲೇ ಇದು ಆಕೆಯ ಕಣ್ಣಿಗೆ ನಾಟದಿದ್ದರೆ, ನನ್ನ ಮಾತನ್ನು ಆಕೆ ಹೇಗೆ ಕೇಳುತ್ತಿದ್ದಳು? ಗೊತ್ತಿಲ್ಲ. ಗೊತ್ತಾಗುವ ಬಗೆಯೂ ಇಲ್ಲ.

ಹತ್ತಿರದಿಂದ ಇದನ್ನು ನೋಡಿ ಈಗ ಬದುಕಿರುವವರು ಇಷ್ಟು ಜನ. ಹಲಗೆ ಬಡಿಯುತ್ತಿದ್ದ ಮುದುಕ. ತನಗೆ ಏನೂ ಕೇಳಲಿಲ್ಲ ಎನ್ನುತ್ತಾನೆ, ನಿಜವೇ ಇರಬೇಕು. ವರದಿಗಾರ, ಈಗಲೂ ಅದೇ ಅಂಗಡಿಯಲ್ಲಿದ್ದಾನೆ. ನಾನು. ಮತ್ತೆ ಭಾವ. ಅವನು ಗಂಗಾವತಿಯ ರೈಸ್‌ಮಿಲ್ಲಿಗೆ ದುಡಿಯಲು ಹೋಗಿದ್ದಾನೆ. ಹೆಂಡತಿ ತವರಿಗೆ ಬರುವಾಗ ಯಲಬುರ್ಗಾದವರೆಗೆ ಜೊತೆಗೆ ಬರುತ್ತಾನೆ, ಅವಳನ್ನು ಊರಿನ ಬಸ್ಸಿಗೆ ಹತ್ತಿಸಿ, ತಿರುಗಿ ಹೋಗುತ್ತಾನೆ.