ಚಂದಪ್ಪ ಹೂಂ ಅಂದ ದಿನ

"ಸುಮ್ನ ಮಲಗೂದಂದ್ರ ನನಗ ಆಗೂದಿಲ್ಲವ್ವಾ. ಬಲಗೈ ತಲಿ ಮ್ಯಾಲೆ ಇಟ್ಕೋರಿ ಅಂದ್ಲು ದವಾಖಾನಿ ಹುಡುಗಿ, ಇಟ್ಟೆ. ಪಕ್ಕಡಿ ಎಲುಬಿನ ಸಂದಿಗೆ ತಣ್ಣಗಿಂದು ಲೋಳಿ ಹಚ್ಚಿ, ಕೈಯಾಗಿನ ಮಿಶನ್ ಒತ್ತಿ ಹಿಡದ್ಲು. ನಮಗ ಕೇಳಲಾರದ ಒಂದು ಆವಾಜ್ ಒಳಗ ಹೋಗಿ ಲಿವರಿಗೆ ಸಣ್ಣ ನೂಕು ಕೊಡ್ತೈತಂತ. ನೂಕಿದಲ್ಲಿಂದ ಬಾಜೂಕ ಒಂದು ತೆರಿ ಓಡ್ತೈತಂತ. ಅದು ಇಲ್ಲಿಂದ ಅಲ್ಲಿಗೆ ಎಷ್ಟೊತ್ತಿಗೆ ಮುಟ್ತು ಅಂತ ಮಿಶನ್ ನೋಡ್ತೈತಂತ. ಅರಿವಿ ಒಣಹಾಕೂ ಹಗ್ಗ ಬಿಗಿ ಇದ್ರ, ಈ ತುದಿ ಬಡದಿದ್ದು ಆ ತುದಿಗೆ ಲಗೂನ ಹೋಗ್ತೈತಲ್ಲ, ಹಂಗ. ಲಿವರ್ ಗಟ್ಟಿ ಇದ್ರ ತೆರಿ ಜೋರ ಓಡ್ತೈತಿ, ಮೆತ್ತಗಿದ್ರ ಸಾವಕಾಶ. ನಂದು ಸಾವಕಾಶ ಓಡ್ಲೆಪ್ಪಾ ಅಂತ ಬೇಡ್ಕೊಂಡೆ."

ಕನ್ನೊಳ್ಳಿಯ ಗುಂಡವ್ವ, ನನ್ನ ನೆರೆಮನೆಯವಳು, ಬಂದವರಿಗೆಲ್ಲ ಹೀಗೆ ಹೇಳುತ್ತಾಳೆ, ಅದೂ ನಿಂತುಕೊಂಡೇ. ಕುಳಿತಲ್ಲಿ ಕೂರುವ ಹೆಂಗಸಲ್ಲ ಅವಳು. ಯಾರು ಏನು ಹೇಳಿದರೂ ಬಾಯಿಬಿಟ್ಟು "ಹೂನ್ರಿ" ಅನ್ನುವುದು ಅವಳ ತವರಿನ ರೀತಿ. ಸುಮ್ಮನಿದ್ದರೆ ಸೊಕ್ಕು ಅನ್ನುತ್ತಾರಂತೆ.

ಗುಂಡವ್ವನ ರಕ್ತದಲ್ಲಿ ಕಾಮಾಲೆಯ ಸೋಂಕು ಕಂಡು, ಲಿವರ್ ಗಟ್ಟಿಯಾಗಿದೆಯೋ ಏನೋ ನೋಡಿಸಿ ಎಂದು ಊರಿನ ಡಾಕ್ಟರು ಸಿಂದಗಿಯ ದವಾಖಾನೆಗೆ ಕಳಿಸಿದ್ದರು. ಅವಳ ಅಕ್ಕ ಅದೇ ರೋಗದಿಂದ ಹೊಟ್ಟೆ ಊದಿ ತೀರಿಹೋದವಳು. ಸೀಟಿದ್ದರೂ ಗುಂಡವ್ವ ಬಸ್ಸಿನಲ್ಲಿ ನಿಂತೇ ಬಂದಳು. ಜೊತೆಗೆ ಒಬ್ಬ ಹೆಂಗಸು ಇರಲೆಂದು ನನ್ನನ್ನೂ ಪರೀಕ್ಷೆಯ ಕೋಣೆಯೊಳಗೆ ಬಿಟ್ಟರು.

"ಉಸಿರ ಹಿಡೀರಿ ಅವ್ವಾರ," ಎಂದಳು ಮಿಶನ್ ಹಿಡಿದ ವಿಜಯಶ್ರೀ.

"ಹೂನ್ರಿ."

"ಮಾತಾಡಬ್ಯಾಡ್ರಿ."

"ಹೂನ್ರಿ."

ಹೂಂ ಎಂದಾಗಲೆಲ್ಲ ಹೊಟ್ಟೆ ಅಲುಗಿ ಮಿಶನ್ನಿನ ಪರದೆಯ ಮೇಲೆ ಬಣ್ಣ ಚೆದುರುತ್ತಿತ್ತು, ತೆರೆಯ ವೇಗದ ಅಂಕಿ ಮೇಲೆ ಕೆಳಗೆ ಹಾರುತ್ತಿತ್ತು.

"ಗಟ್ಟಿ ಐತೇನ್ರಿ?"

"ನೀವು ಸುಮ್ನಾದ್ರ ಗೊತ್ತಾಗ್ತೈತ್ರಿ. ಹಿಂಗ ಅಲುಗಿದ್ರ ಯಾವ ಅಂಕಿ ನಂಬ್ಲಿ?"

ಕಡೆಗೆ ವಿಜಯಶ್ರೀ ಹೊರಗಿದ್ದ ಗುಂಡವ್ವನ ಗಂಡ ಚಂದಪ್ಪನನ್ನು ಕರೆದಳು. "ಕಾಕಾರ, ಅವ್ವಾರ ಬದಲಿ ನೀವು ಹೂಂ ಅನ್ರಿ."

"ಇವರಾ? ಲಗ್ನ ಆದಾಗಿಂದ ನನ್ನ ಮಾತಿಗೆ ಒಮ್ಮೆರ ಹೂಂ ಅಂದಿಲ್ರಿ!"

"ಬಾಯಿ ಮುಚ್ಚ. ಲಿವರ್ ಅಳ್ಯಾಕತ್ತಾರ," ಎಂದ ಚಂದಪ್ಪ.

"ಉಸಿರ ಹಿಡೀರಿ."

"ಹೂನ್ರಿ," ಎಂದ ಅವನು. ಗುಂಡವ್ವ ತುಟಿ ಕಚ್ಚಿದಳು.

ಉಸಿರು ಬಿಡುವುದು, ಮತ್ತೆ ಹಿಡಿಯುವುದು. ಒಂದೇ ಸಲ ಅಳೆದರೆ ಸಾಲದಂತೆ. ಚಂದಪ್ಪನ ದನಿ ಸಣ್ಣದಾಗುತ್ತ ಹೋಯಿತು, ಅಂಕಿಗಳು ಒಂದರ ಹತ್ತಿರ ಒಂದು ಬಂದವು. ಅಲ್ಲಿಯ ಡಾಕ್ಟರು ಬಂದು ನೋಡಿದರು.

"ತೆರಿ ಸಾವಕಾಶ ಐತಿ. ಗಟ್ಟಿ ಆಗಿಲ್ಲ. ಗುಳಿಗಿ ಬೇಕೋ ಬ್ಯಾಡೋ ನಿಮ್ಮ ಡಾಕ್ಟರು ಹೇಳ್ತಾರ. ಮುಂದಿನ ವರ್ಷ ಮತ್ತ ತೋರಸ್ರಿ."

ಗುಂಡವ್ವ ಆಗಲೇ ಎದ್ದು ನಿಂತು ಸೆರಗಿನಿಂದ ಪಕ್ಕೆಯ ಲೋಳೆ ಒರೆಸಿಕೊಳ್ಳುತ್ತಿದ್ದಳು. "ಹೂನ್ರಿ," ಎಂದ ಚಂದಪ್ಪನೇ.

ಊರು ಮುಟ್ಟುವ ಹೊತ್ತಿಗೆ ನಳದ ನೀರು ಬಂದಿತ್ತು. ಸೀರೆಯನ್ನೂ ಬದಲಿಸದೆ ಅವಳು ಕೊಡ ಎತ್ತಿಕೊಂಡು ಓಡಿದಳು.

"ಬ್ಯಾರಲ್ಲಿಗೆ ಪೈಪ್ ಹಚ್ಚರಿ!"

ಚಂದಪ್ಪ ಹೂಂ ಅನ್ನಲಿಲ್ಲ. ಪೈಪ್ ಹಚ್ಚಿದ.