ನೇಪಾಳಕ್ಕೆ ನಾಲ್ಕು ಸೀಟು

ಕಂಡಕ್ಟರ್ ಚಾಚಾನ ನಾಲಿಗೆ ನೇರಳೆ ಬಣ್ಣದ್ದಾಗಿತ್ತು. ಹಣ್ಣು ತಿಂದು ಬಂದ ಒಂದು ದಿನದ ಬಣ್ಣವಲ್ಲ, ವರ್ಷವಿಡೀ ಇರುತ್ತಿದ್ದ ಬಣ್ಣ. ಅವರ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ಅದರ ತುದಿಯನ್ನು ನಾಲಿಗೆಗೆ ತಾಗಿಸಿ ಬರೆದರೆ ಅಕ್ಷರ ನೇರಳೆಯಾಗಿ ಮೂಡುತ್ತಿತ್ತು, ಒಣಗಿದ ಮೇಲೆ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ದಿನಕ್ಕೆ ನೂರು ಸಲ ನಾಲಿಗೆಗೆ ತಾಗಿಸಿ ತಾಗಿಸಿ ತುಟಿಯೂ ಅದೇ ಬಣ್ಣಕ್ಕೆ ತಿರುಗಿತ್ತು. "ಇವರು ರೊಟ್ಟಿಗಿಂತ ಪೆನ್ಸಿಲ್ಲೇ ಜಾಸ್ತಿ ತಿಂದಾರ" ಎಂದು ಚಾಚಿ ನಗುತ್ತಿದ್ದರು.

ಜೇವರ್ಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹದಿನೆಂಟು ವರ್ಷ ಅವರದು ಒಂದೇ ರೂಟು, ಜೇವರ್ಗಿಯಿಂದ ಅಫಜಲಪುರ, ಅಫಜಲಪುರದಿಂದ ಜೇವರ್ಗಿ. ಮನೆಗೆ ಬಂದರೂ ಅವರ ಮೈಯಿಂದ ಬಸ್ಸು ಇಳಿಯುತ್ತಿರಲಿಲ್ಲ. ಸಂಜೆ ಓಣಿಯಲ್ಲಿ ಆಡುವ ಮಕ್ಕಳನ್ನೆಲ್ಲ ತಮ್ಮ ಮನೆಯ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ ಬಸ್ಸಿನ ಆಟ ಆಡಿಸುತ್ತಿದ್ದರು. ಒಂದು ಸೀಟಿ ಊದಿದರೆ ಇಳಿದು ಓಡಬೇಕು. ಎರಡು ಸೀಟಿ ಊದಿದರೆ ಎಲ್ಲಿದ್ದರೂ ಬಂದು ತನ್ನ ಸೀಟಿನಲ್ಲಿ ಕೂಡಬೇಕು. ತಡವಾಗಿ ಬಂದವರಿಗೆ ಬೈಗುಳ ಇರುತ್ತಿರಲಿಲ್ಲ, ಆದರೆ ಅವರು ಬರುವವರೆಗೂ ಬಸ್ಸು ಬಿಡುತ್ತಿರಲಿಲ್ಲ. ಕೂತವರೆಲ್ಲ ತಡವಾದವನನ್ನು ಬೈಯುತ್ತಿದ್ದೆವು.

ನಿಜವಾದ ಬಸ್ಸಿನಲ್ಲೂ ಅವರು ಹಾಗೆಯೇ. ಒಮ್ಮೆ ನಾನು ಅವ್ವನ ಜೊತೆ ಅಫಜಲಪುರದಿಂದ ಬರುವಾಗ ನಡುವೆ ಒಂದು ಹಳ್ಳಿಯ ಕಟ್ಟೆಯ ಹತ್ತಿರ ಬಸ್ಸು ನಿಲ್ಲಿಸಿಕೊಂಡು ನಿಂತೇ ಬಿಟ್ಟರು. ಹತ್ತು ನಿಮಿಷವಾಯಿತು. ಜನ ಗಲಾಟೆ ಶುರು ಮಾಡಿದರು. ಚಾಚಾ ಮೆಟ್ಟಿಲ ಮೇಲೆ ನಿಂತು ತಣ್ಣಗೆ ಹೇಳಿದರು: "ಮುಂಜಾನಿ ಇಲ್ಲಿ ಒಬ್ಬ ಮುದುಕಿನ್ನ ಇಳಿಸೇನ್ರಿ. ಸಂಜೀಕ ಹೊಳ್ಳಿ ಬರ್ತೇನಿ ಅಂದಾಳ. ಇಳಿಸಿದಾಂವ ನಾನು, ಹತ್ತಿಸ್ಕೊಳ್ಳದ ಹೆಂಗ ಹೋಗ್ಲಿ?" ಮುದುಕಿ ಬಂದಳು, ಕಂಕುಳಲ್ಲಿ ಒಂದು ಕೋಳಿಯೂ ಇತ್ತು. ಕೋಳಿಗೆ ಟಿಕೆಟ್ ಬೇಕೋ ಬೇಡವೋ ಎಂಬ ಜಗಳ ಜೇವರ್ಗಿಯವರೆಗೂ ನಡೆಯಿತು.

ನೇಪಾಳದ ವಿಷಯ ಶುರುವಾದದ್ದು ಒಬ್ಬ ವ್ಯಾಪಾರಿಯ ಮಕ್ಕಳಿಂದ. ಅವರು ರಜೆಯಲ್ಲಿ ಸಿಂಗಾಪುರಕ್ಕೆ ಹೋಗಿ ಬಂದು ಇಡೀ ಶಾಲೆಗೆ ಚಾಕ್ಲೇಟ್ ಕಾಗದ ತೋರಿಸಿ ಮೆರೆದರು, ಚಾಕ್ಲೇಟ್ ಮಾತ್ರ ಯಾರಿಗೂ ಕೊಡಲಿಲ್ಲ. ಚಾಚಾನ ಮಗಳು ಅಳುತ್ತ ಮನೆಗೆ ಬಂದಳು. ಮರುವಾರ ಚಾಚಾ ಡಿಪೋದಲ್ಲಿ ಯಾರನ್ನೋ ವಿಚಾರಿಸಿಕೊಂಡು ಬಂದು ಗೋಡೆಯ ಮೇಲಿಂದ ಅವ್ವನಿಗೆ ಹೇಳಿದರು: "ಅಕ್ಕಾರ, ನೇಪಾಳಕ್ಕ ಪಾಸ್‌ಪೋರ್ಟ್ ಬೇಕಿಲ್ಲಂತ. ಆದ್ರ ಅದೂ ಫಾರಿನ್ನೇ. ಗಡಿ ಅದ, ಪೊಲೀಸರದಾರ, ರಾಜಾ ಅದಾನ. ಬ್ಯಾಸಗಿ ಸೂಟಿಗೆ ನಾವು ಹೋಗಾಕತ್ತೇವಿ. ನಿಮ್ಮ ಎರಡು ಹುಡುಗರನ್ನೂ ಕರ್ಕೊಂಡು ನೀವೂ ಬರ್ರಿ."

ನಮ್ಮಪ್ಪ ತೀರಿಕೊಂಡು ಆಗ ಎರಡು ವರ್ಷ. ಅವ್ವ ಹೊಲಿಗೆ ಮಷೀನ್ ಇಟ್ಟುಕೊಂಡು ನನ್ನನ್ನೂ ಐದು ವರ್ಷದ ತಮ್ಮನನ್ನೂ ಸಾಕುತ್ತಿದ್ದಳು. ಸುದ್ದಿ ಕೇಳಿದ ದೊಡ್ಡಪ್ಪ ನೆಲೋಗಿಯಿಂದ ಮೊದಲ ಬಸ್ಸಿಗೇ ಬಂದರು. ಗಂಡನಿಲ್ಲದ ಹೆಂಗಸು ಗಡಿ ದಾಟಿ ಹೋಗುವುದೆಂದರೇನು, ಅದೂ ನಮ್ಮವರಲ್ಲದವರ ಜೊತೆ ಎಂದು ಕೂಗಾಡಿದರು. ಕೊನೆಗೆ ಹೊಸ್ತಿಲಲ್ಲಿ ನಿಂತು, "ಹುಡುಗರಿಗೆ ಏನಾರ ಆತಂದ್ರ, ಉಳಿದ ಕೂಸನ್ನ ನಾ ನೆಲೋಗಿಗೆ ಒಯ್ತೇನಿ. ನಿನ್ನ ಮಷೀನು ನಿನಗ" ಎಂದರು. ಅದು ಬರೀ ಸಿಟ್ಟಿನ ಮಾತಾಗಿರಲಿಲ್ಲ. ಅಪ್ಪ ಹೋದಾಗಿನಿಂದ ನಮ್ಮನ್ನು ಒಯ್ಯಲು ಅವರೊಂದು ಕಾರಣ ಹುಡುಕುತ್ತಿದ್ದರು. ಅವ್ವ ಅವರಿಗೆ ಚಹಾ ಕೊಟ್ಟು ಕಳಿಸಿ, ಸೀದಾ ಗೋಡೆಯ ಹತ್ತಿರ ಹೋಗಿ "ಬರ್ತೇವ್ರಿ ಅಣ್ಣಾರ" ಎಂದಳು.

ಹೊರಡುವ ದಿನ ಚಾಚಾ ನಾಲ್ಕೂ ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿ, ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಒಬ್ಬೊಬ್ಬರ ಎಡಗೈ ಮಣಿಕಟ್ಟಿನ ಮೇಲೆ ನಂಬರ್ ಬರೆದರು. ಅವರ ಮಗಳು ೧, ಮಗ ೨, ನಾನು ೩, ತಮ್ಮ ೪. ಅವತ್ತಿನಿಂದ ಅವರ ಬಾಯಲ್ಲಿ ನಮಗೆ ಹೆಸರೇ ಇರಲಿಲ್ಲ. ಕಲಬುರ್ಗಿಯಿಂದ ಮುಂಬೈ, ಮುಂಬೈಯಿಂದ ಗೋರಖಪುರ, ರೈಲಿನಲ್ಲಿ ಮೂರು ದಿನ. ಚಾಚಿಯ ಗಂಟಿನಲ್ಲೂ ಅವ್ವನ ಗಂಟಿನಲ್ಲೂ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಸ್ಟೇಷನ್ ಬಂದಾಗಲೆಲ್ಲ ತಲೆ ಎಣಿಕೆ. ದಿನಾ ಬೆಳಿಗ್ಗೆ ಮುಖ ತೊಳೆದ ಮೇಲೆ ಮಸುಕಾದ ನಂಬರಿನ ಮೇಲೆ ಮತ್ತೆ ಪೆನ್ಸಿಲ್. ಗಡಿಯನ್ನು ನಡೆದೇ ದಾಟಿದೆವು. ನಾಲ್ಕು ಹೆಜ್ಜೆ ಹೋಗಿ ತಮ್ಮ ಕೇಳಿದ, "ಚಾಚಾ, ಫಾರಿನ್ ಎಲ್ಲಿ ಅದ?" ಚಾಚಾ ನೆಲ ತೋರಿಸಿ, "ನಿನ್ನ ಕಾಲಕೆಳಗೇ ಅದ ನೋಡು ನಾಲ್ಕು ನಂಬರ" ಎಂದರು. ತಮ್ಮ ಅಲ್ಲೇ ಕುಣಿದ.

ಕಠ್ಮಂಡುವಿನ ಬಸ್ಸಿನಲ್ಲಿ ಅವರ ಸಂತೋಷ ನೋಡಬೇಕಿತ್ತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ಆದರೆ ಅರ್ಧ ಗಂಟೆಯೂ ಕೂಡಲಾಗಲಿಲ್ಲ. ಎದ್ದು ಹೋಗಿ ಅಲ್ಲಿನ ಕಂಡಕ್ಟರನ ಜೊತೆ ಬಾಗಿಲಲ್ಲಿ ನಿಂತರು, ತಮ್ಮ ದಖನಿ ಹಿಂದಿಯಲ್ಲಿ ಅವನಿಗೆ ಜನ ಹತ್ತಿಸುವ ವಿದ್ಯೆ ಹೇಳಿಕೊಟ್ಟರು. ಬೆಟ್ಟದ ತಿರುವಿನಲ್ಲಿ ದೂರದ ಹಿಮ ಕಂಡಾಗ ಮಾತ್ರ ಮಾತು ನಿಲ್ಲಿಸಿ, ಮಗಳನ್ನು ಕಿಟಕಿಗೆ ಎತ್ತಿ ಹಿಡಿದು, "ಸಿಂಗಾಪುರದಾಗ ಇದು ಇಲ್ಲ, ಹೇಳು ಅವರಿಗೆ" ಎಂದರು.

ಮರುದಿನ ಪಶುಪತಿನಾಥನ ಗುಡಿ. ಹಿಂದೂಗಳಿಗಷ್ಟೇ ಪ್ರವೇಶವೆಂದು ಬಾಗಿಲಲ್ಲಿ ಬೋರ್ಡು ಇತ್ತು. ಚಾಚಾ ಅದನ್ನು ಓದಿ, ಮುಖದಲ್ಲಿ ಏನೂ ತೋರಿಸದೆ, "ನೀವು ಹೋಗಿ ಬರ್ರಿ ಅಕ್ಕಾರ, ನಾವು ಚಪ್ಪಲಿ ಕಾಯ್ತೇವಿ" ಎಂದು ಹೆಂಡತಿ ಮಕ್ಕಳ ಜೊತೆ ಹೊರಗೆ ಕೂತರು. ಅವ್ವ ನಮ್ಮಿಬ್ಬರ ಕೈ ಹಿಡಿದು ಒಳಗೆ ಹೋದಳು. ಕೈ ಮುಗಿಯಲು ಒಂದು ಗಳಿಗೆ ಕೈ ಬಿಟ್ಟಳು, ಅಷ್ಟೇ. ಕಣ್ಣು ತೆರೆದಾಗ ತಮ್ಮ ಇರಲಿಲ್ಲ.

ಅವ್ವ ಜನರ ನಡುವೆ ಎರಡು ಸುತ್ತು ಹುಡುಕಿ, ನನ್ನನ್ನು ಎಳೆದುಕೊಂಡು ಹೊರಗೆ ಓಡಿ ಬಂದಳು. "ಹುಡುಗ ಕಳದ್ನರಿ ಅಣ್ಣಾರ. ನಾ ಯಾವ ಮಾರಿ ಹೊತ್ಕೊಂಡು ಊರಿಗೆ ಹೋಗ್ಲಿ" ಎಂದು ಮೆಟ್ಟಿಲ ಮೇಲೆ ಕುಸಿದಳು. ಚಾಚಾ ಓಡಲಿಲ್ಲ, ಕೂಗಲಿಲ್ಲ. ಕೇಳಿದ್ದು ಒಂದೇ ಮಾತು: "ಎಷ್ಟು ಬಾಗ್ಲ ಅದಾವ?" ಪಕ್ಕದ ಹೂವಿನವನನ್ನು ವಿಚಾರಿಸಿ, ಚಾಚಿಯನ್ನೂ ಅವ್ವನನ್ನೂ ಈ ಬಾಗಿಲಲ್ಲಿ ನಿಲ್ಲಿಸಿ, ಮಕ್ಕಳಾದ ನಮ್ಮ ಮೂವರನ್ನು ಕರೆದುಕೊಂಡು ನದಿ ಕಡೆಯ ಬಾಗಿಲಿಗೆ ನಡೆದರು. ಅಲ್ಲಿ ನಮ್ಮನ್ನು ನೆಲದ ಮೇಲೆ ಸಾಲಾಗಿ ಕೂರಿಸಿ, ಜೇಬಿನಿಂದ ಸೀಟಿ ತೆಗೆದು ಊದಿದರು. ಎರಡು ಸಲ. ತಡೆದು, ಮತ್ತೆ ಎರಡು ಸಲ. ಅರ್ಚಕರು ತಿರುಗಿ ನೋಡಿದರು, ಯಾರೋ ಗದರಿಸಿದರು. ಚಾಚಾ ಊದುತ್ತಲೇ ಇದ್ದರು.

ಐದಾರು ಸಲ ಊದಿರಬೇಕು. ನದಿಯ ಮೆಟ್ಟಿಲ ಕಡೆಯಿಂದ ತಮ್ಮ ಓಡಿ ಬಂದ, ಕೈ ಹಿಡಿದುಕೊಂಡಿದ್ದ ಒಬ್ಬ ಪೊಲೀಸನನ್ನು ಎಳೆದುಕೊಂಡು. ಬಂದವನೇ ನಮ್ಮ ಸಾಲಿನಲ್ಲಿ, ನನ್ನ ಪಕ್ಕ, ತನ್ನ ಸೀಟಿರಬೇಕಾದ ಜಾಗದಲ್ಲಿ ನೆಲಕ್ಕೆ ಕೂತುಬಿಟ್ಟ. ಕೋತಿಯ ಹಿಂದೆ ಹೋಗಿದ್ದನಂತೆ. ಪೊಲೀಸ್ ಸುಲಭಕ್ಕೆ ಬಿಡಲಿಲ್ಲ. ಗಡ್ಡದ ಚಾಚಾನನ್ನೂ ಹಣೆಗೆ ವಿಭೂತಿ ಹಚ್ಚಿದ್ದ ಹುಡುಗನನ್ನೂ ನೋಡಿ, ನೀನು ಇವನ ಅಪ್ಪನೇ ಎಂದು ಹಿಂದಿಯಲ್ಲಿ ಕೇಳಿದ. ಚಾಚಾ ಎದೆ ಸೆಟೆಸಿ ಉತ್ತರ ಕೊಟ್ಟರು: "ಬಾಪ್ ನಹೀಂ ಸಾಬ್, ಕಂಡಕ್ಟರ್." ಆಮೇಲೆ ನಾಲ್ವರ ಎಡಗೈಗಳನ್ನು ಸಾಲಾಗಿ ಚಾಚಿಸಿ ತೋರಿಸಿದರು. ಪೊಲೀಸನಿಗೆ ಆ ಕನ್ನಡ ಅಂಕಿ ಓದಲು ಬಾರದಿದ್ದರೂ ನಾಲ್ಕೂ ಒಂದೇ ಕೈಯ ಬರಹವೆಂದು ತಿಳಿಯಿತು. ನಕ್ಕು ಹೋದ.

ಅವ್ವನ ಮಡಿಲಿಗೆ ಅವನನ್ನು ಕೊಟ್ಟ ಮೇಲೆ ಚಾಚಾ ಹೂವಿನವನ ಪಕ್ಕ ಕೂತು ನೀರು ಕೇಳಿದರು. ಲೋಟ ಕೆಳಗಿಟ್ಟು ನಾಲ್ಕೂ ತಲೆ ಎಣಿಸಿದರು, ಒಂದು ಗುಟುಕು ಕುಡಿದು ಮತ್ತೆ ಎಣಿಸಿದರು, ಹೀಗೆ ಮೂರು ಸಲ. ಅವರಿಗೂ ಹೆದರಿಕೆಯಾಗಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಇವತ್ತಿಗೂ ಆ ಎಣಿಕೆ ನೆನೆದರೆ ನನಗೆ ಅವರ ಮೇಲೆ ಹೆಮ್ಮೆ ಇನ್ನೂ ಹೆಚ್ಚಾಗುತ್ತದೆ.

ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡಪ್ಪ ಕಾಯುತ್ತ ನಿಂತಿದ್ದರು. ಚಾಚಾ ಮೊದಲು ಇಳಿದು, ಒಬ್ಬೊಬ್ಬರನ್ನೇ ಇಳಿಸಿ ತಲೆ ಮುಟ್ಟಿ, "ಒಂದ, ಎರಡ, ಮೂರ, ನಾಕ. ಎಣಿಸ್ಕೊಳ್ರಿ ಗೌಡ್ರ" ಎಂದರು. ದೊಡ್ಡಪ್ಪ ನಿಜವಾಗಿಯೂ ಎಣಿಸಿದರು. ಗುಡಿಯ ಸುದ್ದಿ ಅಲ್ಲಿಗೇ ಮುಚ್ಚಿಹೋಗುತ್ತಿತ್ತು, ಚಾಚಾ ಹೇಳುವವರಲ್ಲ. ಅವ್ವನೇ ಹೇಳಿದಳು. "ಇವನು ಅಲ್ಲಿ ಕಳದಿದ್ದನ್ರಿ ಭಾವಾರ. ಅಣ್ಣಾರು ಹುಡುಕಿ ತಂದರು. ಹುಡುಗರು ನನ್ನ ಹತ್ರಾನೇ ಇರ್ತಾರ. ಸಾಕಾಕ ನಾ ಒಬ್ಬಾಕೀನೇ ಇಲ್ಲ." ಅಷ್ಟು ಜನರ ನಡುವೆ ಅವ್ವ ತಲೆಯೆತ್ತಿ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ದೊಡ್ಡಪ್ಪ ಟೋಪಿ ಸರಿಮಾಡಿಕೊಂಡು ನೆಲೋಗಿಯ ಬಸ್ಸು ಹತ್ತಿದರು. ನಮ್ಮನ್ನು ಒಯ್ಯುವ ಮಾತು ಮತ್ತೆ ಬರಲಿಲ್ಲ.

ನಾನು ಮಾಸ್ತರ್ಕಿ ಮಾಡಲು ಯಡ್ರಾಮಿಗೆ ಹೋದ ಮೇಲೂ ಚಾಚಾ ನನ್ನನ್ನು ಮೂರು ನಂಬರ ಎಂದೇ ಕರೆಯುತ್ತಿದ್ದರು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನಾನು ಮೊದಲು ಕೇಳುವುದು ಎಷ್ಟು ಬಾಗಿಲಿವೆ ಎಂದು. ಸಹೋದ್ಯೋಗಿಗಳು ನಗುತ್ತಾರೆ, ನಗಲಿ. ನನ್ನ ಕೈಯಿಂದ ಒಂದು ಮಗುವೂ ಕಳೆದಿಲ್ಲ.

ಚಾಚಾ ತೀರಿಕೊಂಡದ್ದು ನಿವೃತ್ತಿಯಾದ ಮೂರನೇ ವರ್ಷ, ತೊಂಬತ್ತರ ದಶಕದ ನಡುವೆ. ನಾನು ಅವ್ವನ ಜೊತೆ ಚಾಚಿಯ ಪಕ್ಕ ಕೂತಿದ್ದೆ. ಅಷ್ಟರಲ್ಲಿ ತಮ್ಮ ಒಳಗೆ ಬಂದು ಚಾಚಾನ ಮಗನ ಹಿಂದೆ ನಿಂತ. ಅವನ ತುಟಿ ನೇರಳೆಯಾಗಿತ್ತು. ಹೊರಡುವ ಹೊತ್ತಾಯಿತು, ಎಲ್ಲರೂ ಬಾಗಿದರು. ಹೆಗಲು ಕೊಡಲು ತಮ್ಮ ಕೈ ಎತ್ತಿದಾಗ ಅಂಗಿಯ ತೋಳು ಕೆಳಗೆ ಜಾರಿತು. ಎಡಗೈ ಮಣಿಕಟ್ಟಿನ ಮೇಲೆ, ಆಗಷ್ಟೇ ಬರೆದ, ಇನ್ನೂ ಒಣಗದ ೪ ಇತ್ತು.