ಮೇಸ್ತ್ರಿ ಇಲ್ಲದ ಕೂಲಿ

ಮದುವೆಯಾಗಿ ಮಡಕಶಿರಾ ಕಡೆಯಿಂದ ರಾಯದುರ್ಗಕ್ಕೆ ಬಂದ ಹೊಸದರಲ್ಲಿ ನಾನು ಬಾಯಿ ತೆರೆದರೆ ಸಾಕು, ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಎರಡೂ ಕನ್ನಡವೇ, ಎರಡಕ್ಕೂ ತೆಲುಗು ಬೆರೆತದ್ದೇ. ಆದರೂ ನಮ್ಮ ಕಡೆಯ 'ಹೋಗ್ಲಿ ಬುಡು', 'ಏನಮ್ಮಿ' ಇಲ್ಲಿ ನಗೆಪಾಟಲು. ಅತ್ತೆ ತಿದ್ದಿದರು, ಗಂಡ ತಿದ್ದಿದರು, ಕೊನೆಗೆ ನಾನೇ ತಿದ್ದಿಕೊಂಡೆ. ಬರ್ರಿ, ಹೌದ್ರಿ, ಆಗ್ಲಿರಿ ಅನ್ನುವುದು ರೂಢಿಯಾಗಿ ವರ್ಷಗಳೇ ಕಳೆದವು. ಹಾಗಾಗಿ ಹೊಲಿಗೆ ಮಷೀನಿನ ಎದುರು ಫೋನು ನಿಲ್ಲಿಸಿ ವಿಡಿಯೋ ಮಾಡಿ ನನ್ನದೇ ಚಾನೆಲ್ಲಿಗೆ ಹಾಕತೊಡಗಿದಾಗ ನನಗೆ ಸಿಕ್ಕ ಮೊದಲ ಸುಖ ದುಡ್ಡಿನದಲ್ಲ. ನನ್ನ ಬಾಯಿ ನನಗೆ ವಾಪಸು ಸಿಕ್ಕಿತ್ತು.

ವಿಡಿಯೋದಲ್ಲಿ ಅಂಥಾ ಘನಂದಾರಿ ವಿಷಯವೇನೂ ಇರುತ್ತಿರಲಿಲ್ಲ. ನಾನು ಜೀನ್ಸ್ ಪ್ಯಾಂಟಿಗೆ ಸೊಂಟಪಟ್ಟಿ ಕೂರಿಸುವವಳು. ಕೈ ತನ್ನ ಪಾಡಿಗೆ ಬಟ್ಟೆ ಎಳೆಯುತ್ತಿದ್ದರೆ ಬಾಯಿ ತನ್ನ ಪಾಡಿಗೆ ಬಯ್ಯುತ್ತಿತ್ತು. ಈರುಳ್ಳಿ ರೇಟಿಗೆ ಬೈಗುಳ, ನಿಲ್ಲಿಸದೆ ಹೋದ ಬಸ್ಸಿಗೆ ಬೈಗುಳ, ಮದುವೆಗೆ ಕರೆದು ಊಟಕ್ಕೆ ಕೂರಿಸದ ನೆಂಟರಿಗೆ ಬೈಗುಳ. ಎಲ್ಲವೂ ನಮ್ಮಮ್ಮನ ಮನೆಯ ಮಾತಿನಲ್ಲಿ. ಸಿರಾದಿಂದ, ಬಳ್ಳಾರಿಯಿಂದ ಜನ ನೋಡತೊಡಗಿದರು. ಮಡಕಶಿರಾ ಪಕ್ಕದ ಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನಿಗೆ ಅತ್ತಿಗೆ ದಿನಾ ಸಂಜೆ ಹಾಕಿ ತೋರಿಸುತ್ತಿದ್ದಳು. "ಫೋನ್ ಮಾಡ್ದಾಗ ನೀನು ಗಂಡನ ಮನೆಯೋಳು ಮಾತಾಡ್ದಂಗೆ ಮಾತಾಡ್ತೀಯ. ಇದ್ರಾಗೆ ನೋಡು, ನನ್ನ ಮಗ್ಳು ಅವ್ಳೆ" ಅನ್ನುತ್ತಿದ್ದಳು ಅಮ್ಮ. ಆ ಮಾತು ಕೇಳಿದ ದಿನ ನಾನು ಅತ್ತೆಯ ಮೇಲೂ ರೇಗಲಿಲ್ಲ.

ಆಮೇಲೆ ದುಡ್ಡು ಬರತೊಡಗಿತು. ಬಂತು ಅಂದರೆ ಓಣಿಗೆ ಗೊತ್ತಾಗದೆ ಇರುತ್ತದೆಯೇ? ಎದುರುಮನೆಯಾಕೆ ಕೇಳಿಯೇ ಬಿಟ್ಟಳು: "ಬರೀ ಮಾತಾಡಿದ್ರ ರೊಕ್ಕ ಯಾಕ ಕೊಡ್ತಾರ್ರಿ?" ಹೇಗೆ ಹೇಳಲಿ? ವಿಡಿಯೋ ಮುಂದೆ ಜಾಹೀರಾತು ಬರುತ್ತದೆ, ಜನ ನೋಡಿದಷ್ಟು ನಮಗೆ ಪಾಲು, ಅದನ್ನು ದೂರದೇಶದ ಕಂಪನಿ ಕೊಡುತ್ತದೆ ಎಂದೆ. ಆಕೆಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ, "ನಮ್ಮ ಪೀಸ್ ಕೆಲಸ ಇದ್ದಂಗ್ರಿ. ಹೊಲಿದಷ್ಟು ಕೂಲಿ, ನೋಡಿದಷ್ಟು ಕೂಲಿ" ಎಂದೆ. ಆಕೆಯ ಮುಖ ಅರಳಿತು. ಓಣಿಗೆಲ್ಲ ಹಾಗೇ ಹೇಳಿದಳು. ಎಂಥಾ ಚೆನ್ನಾಗಿ ಹೇಳಿದೆ ಎಂದು ನಾನೂ ಹಿಗ್ಗಿದೆ.

ಇಲ್ಲಿಯ ಪೀಸ್ ಕೆಲಸ ಏನೆಂದು ಗೊತ್ತಿದ್ದರೆ ನಾನು ಮಾಡಿದ ಎಡವಟ್ಟು ತಿಳಿಯುತ್ತದೆ. ಕತ್ತರಿಸಿದ ಬಟ್ಟೆಯ ಕಟ್ಟು ತಾನಾಗಿ ಮನೆಗೆ ನಡೆದು ಬರುವುದಿಲ್ಲ. ಮೇಸ್ತ್ರಿ ತರುತ್ತಾನೆ. ಹೊಲಿದ ಮೇಲೆ ಅವನೇ ಒಯ್ಯುತ್ತಾನೆ, ಅವನೇ ಕೂಲಿ ಕೊಡುತ್ತಾನೆ. ಮಾಲೀಕನ ಮುಖ ನೋಡದೆ ಜೀವಮಾನ ಹೊಲಿದವರಿದ್ದಾರೆ, ಆದರೆ ಮೇಸ್ತ್ರಿ ಇಲ್ಲದೆ ಒಂದು ಪೀಸೂ ಹೊಲಿದವರಿಲ್ಲ.

ನಮ್ಮ ಓಣಿಯಲ್ಲಿ ಪೈಪು ಹಾಕುತ್ತೇವೆಂದು ದೀಪಾವಳಿಗೆ ಮುಂಚೆ ಅಗೆದರು. ಅಗೆದವರು ಪೈಪು ಮರೆತರೋ, ಓಣಿಯನ್ನೇ ಮರೆತರೋ. ಮೇಸ್ತ್ರಿಯ ಗಾಡಿ ಓಣಿಯೊಳಗೆ ಬಾರದೆ, ಬಟ್ಟೆಯ ಕಟ್ಟು ತಲೆಯ ಮೇಲೆ ಹೊತ್ತ ಹೆಂಗಸರು ಆ ಗುಂಡಿಯ ಅಂಚಿನಲ್ಲೇ ಸರ್ಕಸ್ ಮಾಡಿಕೊಂಡು ದಾಟುತ್ತಿದ್ದೆವು. ಒಂದು ದಿನ ಎದುರುಮನೆಯಾಕೆ ಕಟ್ಟಿನ ಸಮೇತ ಬಿದ್ದು ಕೈ ಮುರಿದುಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಫೋನು ನಿಲ್ಲಿಸಿ ಶುರು ಮಾಡಿದೆ: "ಗುಂಡಿ ನೋಡಿದ್ರೆ ಯುಗಾದಿ ಬಂದ್ರೂ ಬಾಯಿ ತಕ್ಕಂಡೇ ಐತೆ. ಓಟ್ನಾಗೆ ಗೆದ್ದೋರು ನೋಡಿದ್ರೆ ಗೆದ್ದಾಗಿಂದ ಬಾಯಿ ಮುಚ್ಕಂಡೇ ಅವ್ರೆ. ಇಬ್ರೂ ಅದ್ಲುಬದ್ಲು ಮಾಡ್ಕಳ್ರಪ್ಪ!"

ಅಷ್ಟೇ. ಅದು ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಸೋತ ಪಕ್ಷದವರು ನನ್ನ ಮಾತನ್ನು ಕತ್ತರಿಸಿ, ಹಿಂದೆ ಡೊಳ್ಳು ಬಾರಿಸಿ, ಮೇಲೆ ತಮ್ಮ ಬಾವುಟ ಅಂಟಿಸಿ ಹಂಚಿದರು. ನನ್ನನ್ನು ಕೇಳಿದರೇ? ಯಾರು ಕೇಳುತ್ತಾರೆ. ಗೆದ್ದ ಪಕ್ಷದವರು ಕೇಳಿದ್ದು ಒಂದೇ ಮಾತು, ಓಣಿ ಕೇಳಿದ್ದೂ ಅದೇ ಮಾತು: ಈಕೆಯ ಮೇಸ್ತ್ರಿ ಯಾರು? ಪೀಸ್ ಲೆಕ್ಕ ಎಂದು ಬಾಯಾರೆ ಹೇಳಿದವಳು ನಾನೇ ತಾನೆ. ನನ್ನ ಗಂಡ ಗುಮ್ಮಘಟ್ಟಕ್ಕೆ ಶೇರ್ ಆಟೋ ಓಡಿಸುತ್ತಾರೆ. ಹತ್ತಿದವರೆಲ್ಲ, "ನಿಮ್ಮ ಮನ್ಯಾಗಿನವ್ರಿಗೆ ಯಾವ ಪಾರ್ಟಿ ಕೊಡ್ತೈತ್ರಿ?" ಎನ್ನತೊಡಗಿದರು. ಕಂಪನಿ ಕೊಡುತ್ತದೆ ಎಂದರೆ ನಕ್ಕು, "ಬೆಂಕಿ ಇಲ್ಲದೆ ಹೊಗೆ ಆಡ್ತೈತೇನ್ರಿ" ಅನ್ನುತ್ತಿದ್ದರಂತೆ. ನಿಜವಾದ ಮೇಸ್ತ್ರಿ, ಅಂದರೆ ನನಗೆ ಜೀನ್ಸ್ ಕಟ್ಟು ಕೊಡುವವನು, ಬಾಗಿಲಲ್ಲೇ ನಿಂತು ಕೈ ಮುಗಿದ: "ಅಕ್ಕಾರ, ನಮ್ಮ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ." ಆ ವಾರ ಕಟ್ಟು ಬರಲಿಲ್ಲ.

ಅದೇ ದಿನಗಳಲ್ಲಿ ಟಿವಿಯಲ್ಲಿ ಬೇರೆ ಗದ್ದಲ. ಸೋಷಿಯಲ್ ಮೀಡಿಯಾ ಕಂಪನಿಗಳನ್ನು ಕರೆಸಿ ಲೆಕ್ಕ ಕೇಳುತ್ತೇವೆ, ಯಾರು ಯಾರಿಗೆ ದುಡ್ಡು ಕೊಟ್ಟು ಮಾತಾಡಿಸುತ್ತಾರೆಂಬುದನ್ನು ಬಯಲಿಗೆಳೆಯುತ್ತೇವೆ ಎಂದು ಮೇಲಿನವರು ಗುಡುಗುತ್ತಿದ್ದರು. ಕೇಳಲಿ, ಕೇಳಬೇಕಾದದ್ದೇ ಎಂದು ನಾನೂ ಅಂದುಕೊಂಡೆ. ಒಂದು ತಿಂಗಳು ಕೈ ತುಂಬ ಬರುತ್ತದೆ, ಮರುತಿಂಗಳು ಅದೇ ಕೆಲಸಕ್ಕೆ ಅರ್ಧ. ಯಾಕೆ ಎಂದು ಕೇಳೋಣವೆಂದರೆ ಅಲ್ಲಿ ಮನುಷ್ಯರೇ ಇಲ್ಲ. ಆದರೆ ಮೇಲೆ ಹುಟ್ಟಿದ ಗುಡುಗು ಮೇಲಿನವರ ತಲೆಗೆ ಬೀಳುವುದು ನಾನಂತೂ ಕಂಡಿಲ್ಲ. ಒಂದು ಬೆಳಿಗ್ಗೆ ತಹಸೀಲ್ದಾರ್ ಕಚೇರಿಯಿಂದ ತೆಲುಗಿನಲ್ಲಿ ಫೋನು ಬಂತು: "ಒಕಸಾರಿ ವಚ್ಚಿ ಪೋಂಡಮ್ಮಾ." ಒಮ್ಮೆ ಬಂದು ಹೋಗಿ ಎನ್ನುವ ಆ ನಯ ಕೇಳಿದ್ದೇ, ಆಟೋ ಬಿಟ್ಟು ಬನ್ನಿ ಎಂದು ಗಂಡನಿಗೆ ಫೋನು ಮಾಡಿದೆ.

ಗಂಡನ ಜೊತೆ ಹೋದೆ. ಸಾಹೇಬರು ಒಳ್ಳೆಯವರೇ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಅವರಿಗೂ ನಿದ್ದೆಗೆಟ್ಟ ಕಣ್ಣು, ಮೇಲಿನಿಂದ ಯಾರೋ ಬೆನ್ನು ಹತ್ತಿದ ಹಾಗೆ ಕಾಣುತ್ತಿದ್ದರು.

"ರೊಕ್ಕ ಯಾರು ಕೊಡ್ತಾರಮ್ಮ?"

"ಕಂಪನಿ ಸಾರ್."

"ರೇಟು ಯಾರು ಹಾಕ್ತಾರ?"

"ಗೊತ್ತಿಲ್ಲ ಸಾರ್."

"ಕಂಪನಿಯವ್ರ ಜೊತಿ ಮಾತಾಡೀರೇನು?"

"ಇಲ್ಲ ಸಾರ್. ಮಾತಾಡೋರು ಇಲ್ಲ ಅಲ್ಲಿ."

"ಮಾತಾಡೋರೇ ಇಲ್ಲ, ರೇಟು ಗೊತ್ತಿಲ್ಲ, ರೊಕ್ಕ ಮಾತ್ರ ಬರ್ತೈತಿ?"

ಕೇಳಿದರೆ ನನಗೇ ಸುಳ್ಳೆನಿಸಿತು. ಇಷ್ಟು ದಿನ ಆ ಪ್ರಶ್ನೆಗಳನ್ನು ನಾನೇ ಕೇಳಿಕೊಂಡಿದ್ದೆ, ಉತ್ತರ ಸಿಕ್ಕಿರಲಿಲ್ಲ. ಈಗ ಉತ್ತರ ಗೊತ್ತಿಲ್ಲದ್ದೇ ನನ್ನ ಅಪರಾಧವಾಗಿತ್ತು. ತೋರಿಸಿಯೇ ಬಿಡೋಣ ಎಂದು ಫೋನು ತೆಗೆದು ಆ ಗುಂಡಿಯ ವಿಡಿಯೋ ಹಾಕಿ ಅವರ ಕೈಗಿಟ್ಟೆ. ಮೊದಲು ಜಾಹೀರಾತು ಬಂತು. ಅಯ್ಯೋ ಶಿವನೇ! ಆಳುವ ಪಕ್ಷದ ದೊಡ್ಡ ನಾಯಕರೇ ಪರದೆಯ ತುಂಬ ಕೈ ಬೀಸುತ್ತ, ತಮ್ಮ ಯೋಜನೆ ಬಗ್ಗೆ ಹೇಳುತ್ತ ನಗುತ್ತಿದ್ದರು. ಸಾಹೇಬರು ತಮಗೇ ತಿಳಿಯದೆ ನೆಟ್ಟಗೆ ಕೂತರು.

"ಇವ್ರೇ ಸಾರ್ ಇವತ್ತಿನ ಮಟ್ಟಿಗೆ ನಮ್ಮ ಮೇಸ್ತ್ರಿ" ಎಂದುಬಿಟ್ಟೆ. ಬಾಯಿಬಡುಕಿ ಬಾಯಿ, ನಿಲ್ಲಬೇಕಲ್ಲ.

ಯಾರೂ ನಗಲಿಲ್ಲ. ಗಂಡ ನನ್ನ ಸೆರಗು ಎಳೆದರು. ಸಾಹೇಬರು ಫೋನು ವಾಪಸು ಕೊಟ್ಟು, "ಹೋಗ್ರಿ ಅಮ್ಮ. ನಿಮ್ಮ ಚಾನೆಲ್ಲು, ನಿಮ್ಮ ಬಾಯಿ. ಮಾತಾಡ್ರಿ, ಬ್ಯಾಡ ಅನ್ನೋರ್ಯಾರು? ಒಂಚೂರು ನೋಡ್ಕೊಂಡು ಅಷ್ಟ" ಎಂದರು. ನಮ್ಮಿಂದ ಏನೂ ಬರೆಸಿಕೊಳ್ಳಲಿಲ್ಲ, ಕಾಗದಕ್ಕೆ ಸಹಿ ಹಾಕಿಸಲಿಲ್ಲ. ಹೊರಗೆ ಬಂದು ಗೆದ್ದೆನೆಂದೇ ತಿಳಿದೆ.

ಮನೆಗೆ ಬಂದು ನೋಡಿದರೆ ಆ ವಿಡಿಯೋಗೆ ಕಂಪನಿಯ ಹಳದಿ ಗುರುತು ಬಿದ್ದಿತ್ತು. ಜಾಹೀರಾತುದಾರರಿಗೆ ಇದು ತಕ್ಕುದಲ್ಲ, ಇನ್ನು ಇದಕ್ಕೆ ದುಡ್ಡು ಬರುವುದು ಕಡಿಮೆ ಎಂದು ಅದರ ಅರ್ಥ. ಯಾಕೆ ಎಂದು ಕೇಳಿ ಕಳಿಸಿದೆ. ಪರಿಶೀಲಿಸಿದ್ದೇವೆ, ನಿರ್ಧಾರ ಬದಲಾಗುವುದಿಲ್ಲ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ನಮ್ಮ ಸಾಹೇಬರು ಚಹಾವನ್ನಾದರೂ ಕೊಟ್ಟಿದ್ದರು.

ಮರುದಿನ ಮಷೀನಿನ ಮುಂದೆ ಕೂತು ಫೋನು ಆನ್ ಮಾಡಿದೆ. ಈರುಳ್ಳಿ ಬಗ್ಗೆ ಬಯ್ಯೋಣವೆಂದುಕೊಂಡೆ. ಈರುಳ್ಳಿ ರೇಟು ಅಂದರೆ ಯಾರ ಮೇಲೆ ಬರುತ್ತದೆ? ಬಸ್ಸು? ಬಸ್ಸು ಯಾರದ್ದು? ಒಂದೊಂದು ಮಾತೂ ಗಂಟಲ ತನಕ ಬಂದು ತಿರುಗಿ ನೋಡುತ್ತಿತ್ತು. "ಸುಮ್ನ ಕೈಯಷ್ಟ ತೋರ್ಸು. ಮಾತು ಯಾಕ?" ಎಂದರು ಗಂಡ. ಜೋರು ಮಾಡಿ ಹೇಳಲಿಲ್ಲ. ಅವರಿಗೂ ಸಾಕಾಗಿತ್ತು. ಹಾಗೇ ಮಾಡಿದೆ. ಮನೆಯಲ್ಲಿ ಉಳಿದಿದ್ದ ಪೀಸಿಗೆ ಸೊಂಟಪಟ್ಟಿ ಕೂರಿಸುವ ಕೈ, ಹಿಂದೆ ಒಂದು ಕೊಳಲು. ನೋಡುವವರು ಹೆಚ್ಚಿದರು. ಕನ್ನಡ ತೆಲುಗು ಯಾವುದೂ ಬಾರದ ಊರುಗಳಿಂದಲೂ ಜನ ಹೃದಯದ ಚಿಹ್ನೆ ಹಾಕತೊಡಗಿದರು. ದುಡ್ಡೂ ಹೆಚ್ಚು ಬಂತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವ ಗಾದೆ ಬ್ಯಾಂಕಿನ ಖಾತೆಯಲ್ಲಿ ನಿಜವಾಗುವುದನ್ನು ನೋಡಿ ನನಗೆ ನಗುವಷ್ಟೂ ತ್ರಾಣವಿರಲಿಲ್ಲ. ಮೇಸ್ತ್ರಿ ಮತ್ತೆ ಕಟ್ಟು ತಂದ. ಆಟೋದಲ್ಲಿ ಯಾರೂ ಏನೂ ಕೇಳುತ್ತಿಲ್ಲವಂತೆ.

ಮೊನ್ನೆ ಮಧ್ಯಾಹ್ನ ಅಮ್ಮನ ಫೋನು ಬಂತು.

"ಏನಮ್ಮಿ, ಗಂಟ್ಲು ಕಟ್ಟೈತಾ? ಬರೀ ಕೈ ತೋರಿಸ್ತೀಯ. ನಿಮ್ಮತ್ಗೆ ಪೀಪಿ ಊದೋದ್ನ ಹಾಕ್ತಾಳೆ, ನಾನು ಕೇಳಾಕಾಗ್ದೆ ಎದ್ದೋಯ್ತೀನಿ."

"ಗಂಟ್ಲು ಚೆನ್ನಾಗೈತೆ ಅಮ್ಮ."

"ಮತ್ತೆ ಯಾರೇ ನಿನ್ನ ಬಾಯಿ ಮುಚ್ಚಿಸಿದ್ದು? ಹೇಳು, ಬಂದು ನಾಕು ಮಾತು ಕೇಳ್ತೀನಿ."

ನಾನು ಯೋಚಿಸಿದೆ. ಸಾಹೇಬರು ಮಾತಾಡಿ ಎಂದೇ ಹೇಳಿದ್ದರು. ಗಂಡ ಹೇಳಿದ್ದು ಭಯಕ್ಕೆ. ಕಂಪನಿಯಲ್ಲಿ ಮನುಷ್ಯರೇ ಇಲ್ಲ. ಅಮ್ಮ ಬಂದು ಬಯ್ಯಲು ಒಂದು ಮುಖವನ್ನೂ ನಾನು ಹುಡುಕಿ ಕೊಡಲಾರದೆ ಹೋದೆ.

"ಯಾರೂ ಇಲ್ಲಮ್ಮ."

"ಹಂಗಾರೆ ಮಾತಾಡು. ಅದ್ರಾಗೆ ಬ್ಯಾಡ, ನನ್ನ ಕೂಡೆ ಮಾತಾಡು. ಕೇಳಿ ಎಷ್ಟು ದಿನ ಆಯ್ತು. ಆ ಗುಂಡಿ ಮುಚ್ಚಿದ್ರಾ?"

ಮನೆಯಲ್ಲಿ ನಾನೊಬ್ಬಳೇ ಇದ್ದೆ. ಬಾಗಿಲ ಕಡೆ ನೋಡಿದೆ, ಕಿಟಕಿ ಕಡೆ ನೋಡಿದೆ.

"ಅದೆಲ್ಲ ಫೋನ್‌ನಾಗೆ ಬ್ಯಾಡಮ್ಮ" ಎಂದೆ.

"ಆಯ್ತು ಬುಡು. ಉಂಡು ಮಲಿಕ್ಕೋ" ಅಂದು ಅಮ್ಮ ಫೋನು ಇಟ್ಟಳು.